ಕಂಬ ಕೆಡವಿದೆವು, ಹೆಸರು ಬರೆದೆವಾ?

ತುಮಕೂರಿನವರಿಗೆ ಶಿರಾ ಗೇಟ್ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ಕಂಡಕ್ಟರ್ ಕೂಗ್ತಾನೆ, ನಾವು ಇಳೀತೀವಿ. ಇಲ್ಲಿ ಯಾಕೆ ಗೇಟ್ ಅಂತಾರೆ ಅಂತ ಕೇಳೋದಿಲ್ಲ. ಬೆಂಗಳೂರಲ್ಲೂ ಅಷ್ಟೇ. ಹಲಸೂರು ಗೇಟ್ ಹೆಸರಲ್ಲಿ ಇವತ್ತಿಗೂ ಪೊಲೀಸ್ ಠಾಣೆ ಇದೆ, ಗೇಟ್ ಮಾತ್ರ ಇಲ್ಲ. ಆದರೆ ವೀಕ್ಷಕರೇ, ಆ ಹೆಸರಿನ ಹಿಂದೆ ಒಂದು ಯುದ್ಧ ಇದೆ, ಒಂದು ಸ್ಮಶಾನ ಇದೆ, ನಾವೇ ಕೆಡವಿದ ಒಂದು ಸ್ಮಾರಕವೂ ಇದೆ.

1791ರ ಮಾರ್ಚ್ 7. ಮೂರನೇ ಮೈಸೂರು ಯುದ್ಧ. ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಪೇಟೆಯ ಬಾಗಿಲಿಗೆ ನುಗ್ಗಿತು. ಆ ದಾಳಿಯಲ್ಲಿ ಕಂಪನಿಯ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕೋಟೆ ಕಾಯ್ತಿದ್ದವನು ಟಿಪ್ಪುವಿನ ಕಿಲ್ಲೇದಾರ ಬಹಾದುರ್ ಖಾನ್, ಬಿಳಿ ಗಡ್ಡದ ಮುದುಕ. ಓಡಿಹೋಗಲಿಲ್ಲ. ಹೋರಾಡ್ತಾನೇ ಸತ್ತ. ಶತ್ರುಗಳೇ ಅವನ ಧೈರ್ಯವನ್ನ ಮೆಚ್ಚಿ ಬರೆದಿದ್ದಾರೆ.

ಈ ಯುದ್ಧ ಬೆಂಗಳೂರಿಗೆ ಮುಗೀಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಅದರ ಬೆನ್ನಿಗೇ ಕುಣಿಗಲ್ ಸೀಮೆಯ ಹುತ್ರಿದುರ್ಗವೂ ಕಂಪನಿ ಕೈಸೇರಿತು. ಅಂದ್ರೆ ಇದು ತುಮಕೂರು ಜಿಲ್ಲೆಯವರ ಕಥೆ ಕೂಡ.

ಗೆದ್ದವರು ತಮ್ಮವರನ್ನ ಮರೀಲಿಲ್ಲ. ಸತ್ತ ಅಧಿಕಾರಿಗಳಿಗೆ ಬೆಂಗಳೂರಲ್ಲಿ ಸಮಾಧಿ ಕಟ್ಟಿದರು. ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸ್ಮಶಾನದ ಚಿತ್ರ ಬರೆದ. 1794ರಲ್ಲಿ ಅದು ಪುಸ್ತಕದಲ್ಲಿ ಅಚ್ಚಾಯ್ತು. ಕಾಲ ಕಳೀತು, ಕೋಟೆಯ ಸ್ಮಶಾನ ಅಳಿದುಹೋಯ್ತು. ಅಲ್ಲಿ ಮಲಗಿದ್ದವರ ಹೆಸರುಗಳು ಮಾತ್ರ ಹಡ್ಸನ್ ಚರ್ಚ್ ಹತ್ತಿರ ನಿಂತ ಒಂದು ಕಲ್ಲಿನ ಕಂಬದ ಮೇಲೆ ಉಳಿದವು. ಅದೇ ಸೆನೊಟಾಫ್. ಹಾಗಂದ್ರೆ ಒಳಗೆ ದೇಹವಿಲ್ಲದ ಸಮಾಧಿ. ಇವತ್ತಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು.

ಸ್ವಾತಂತ್ರ್ಯ ಬಂತು. ನಮ್ಮ ಊರನ್ನ ಗೆದ್ದವರ ಕಂಬ ನಮ್ಮ ಊರ ನಡುವೆ ಯಾಕೆ? ಪ್ರಶ್ನೆ ಸಹಜವೇ. ಕನ್ನಡ ಹೋರಾಟಗಾರರು ಬೀದಿಗಿಳಿದರು. 1964ರ ಅಕ್ಟೋಬರ್ 28ರಂದು ಕಂಬ ಉರುಳಿತು. ಆಗ ರಾಜ್ಯದ ಹೆಸರಿನ್ನೂ ಮೈಸೂರು. ಇವತ್ತು ಆ ಸರ್ಕಲ್ ಹತ್ತಿರ, ಕಾರ್ಪೊರೇಷನ್ ಎದುರು, ಕೆಂಪೇಗೌಡರು ನಿಂತಿದ್ದಾರೆ. ಊರು ಕಟ್ಟಿದವರು ನಿಲ್ಲಬೇಕಾದ ಜಾಗವೇ ಅದು. ಅದರಲ್ಲಿ ಎರಡು ಮಾತಿಲ್ಲ.

ಆ ಸಿಟ್ಟು ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ಅವರ ಹೆಸರು ಅಳಿಸಿದೆವು, ಸರಿ. ನಮ್ಮವರ ಹೆಸರು ಬರೆದೆವಾ? ಬಹಾದುರ್ ಖಾನ್ ಜೊತೆ ಆ ರಾತ್ರಿ ಸತ್ತ ಸಿಪಾಯಿಗಳು ಯಾರು? ಯಾವ ಊರಿನವರು? ಹುತ್ರಿದುರ್ಗದ ಬೆಟ್ಟದ ಮೇಲೆ ಕಾವಲಿದ್ದವರು ಯಾರು? ಕಂಬ ಇದ್ದಾಗಲೂ ಅವರಿಗೆ ಹೆಸರಿರಲಿಲ್ಲ, ಕಂಬ ಬಿದ್ದ ಮೇಲೂ ಬರಲಿಲ್ಲ.

ಒಂದು ವಿಚಿತ್ರ ನೋಡಿ. ಕೆ.ಆರ್. ಮಾರುಕಟ್ಟೆ ಪಕ್ಕದ ಕೋಟೆ ಗೋಡೆಗೆ ಹೋಗಿ. ಗೋಡೆ ಒಡೆದು ಬ್ರಿಟಿಷರು ನುಗ್ಗಿದ್ದು ಇಲ್ಲೇ ಅನ್ನೋ ಇಂಗ್ಲಿಷ್ ಫಲಕ ಅಲ್ಲಿದೆ. ನುಗ್ಗಿದವರ ಗುರುತು ಗೋಡೆ ಮೇಲಿದೆ. ಅಡ್ಡ ನಿಂತವರ ಗುರುತು ಎಲ್ಲಿ? ಶ್ರೀರಂಗಪಟ್ಟಣದಲ್ಲಿ ಪರದೇಶಿ ಸೈನಿಕರ ಗ್ಯಾರಿಸನ್ ಸ್ಮಶಾನವನ್ನ ದುರಸ್ತಿ ಮಾಡಿ ಉಳಿಸಿದ್ದಾರೆ. ಅದರಿಂದ ಟಿಪ್ಪುವಿನ ಮಾನವೇನೂ ಹೋಗಲಿಲ್ಲ. ನೋಡಿದವರಿಗೆ ಇತಿಹಾಸ ಗೊತ್ತಾಯ್ತು, ಅಷ್ಟೇ.

ಕಲ್ಲು ಕೆಡವೋಕೆ ಒಂದು ದಿನ ಸಾಕು. ಹೆಸರು ಹುಡುಕೋಕೆ ದಫ್ತರ ತಿರುವಬೇಕು, ಹಳ್ಳಿ ಸುತ್ತಬೇಕು, ಅಜ್ಜಂದಿರ ಮುಂದೆ ಕೂರಬೇಕು. ಮೊದಲನೆಯ ಕೆಲಸ 1964ರಲ್ಲೇ ಮುಗೀತು. ಎರಡನೆಯದು ಹಾಗೇ ಬಾಕಿ ಇದೆ.