ಮರಳಿ ಬಂದ ಉತ್ತರ ಪತ್ರಿಕೆ: ದೂರದಿಂದ ಲೆಕ್ಕ ಕಲಿತವರ ಚರಿತ್ರೆ

ಕಳೆದ ವರ್ಷ ಶವ್ವಾಲ್ ತಿಂಗಳ ಒಂದು ಸಂಜೆ, ಅಸರ್ ನಮಾಝಿನ ಬಳಿಕ, ನಮ್ಮ ಜಮಾಅತಿನ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮದ್ರಸದ ಬಾಗಿಲಿಗೆ ಬಂದರು. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಪಿಯುಸಿ ಮುಗಿಸಿದ್ದಳು. ತಂದೆ ಹಾಸಿಗೆ ಹಿಡಿದ ಮೇಲೆ ದಿನಸಿ ಅಂಗಡಿಯ ಅರ್ಧ ಹೊಣೆ ಅವಳ ಹೆಗಲಿಗೆ ಬಿದ್ದಿತ್ತು. "ಉಸ್ತಾದರೇ, ಇವಳು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಅಕೌಂಟೆನ್ಸಿ ಕಲಿಯುತ್ತೇನೆ ಅನ್ನುತ್ತಾಳೆ. ಫೀಸು ಕಟ್ಟಬೇಕಂತೆ. ಕಾಲೇಜಿನ ಮೆಟ್ಟಿಲು ಹತ್ತದೆ ಕಲಿತ ಲೆಕ್ಕಕ್ಕೆ ಬೆಲೆ ಉಂಟಾ?" ಎಂದು ಆ ತಾಯಿ ಕೇಳಿದರು.

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಸಮಯ ಕೇಳಿದೆ. ಕನ್ನಡದಲ್ಲಿ ಬಿ.ಎ. ಮಾಡಿದ ಮದ್ರಸ ಅಧ್ಯಾಪಕನಿಗೆ ಲೆಕ್ಕಶಾಸ್ತ್ರದ ಸಹವಾಸ ಎಲ್ಲಿಯದು ಎಂದು ಓದುಗರು ಕೇಳಬಹುದು. ಆದರೆ ಈ ವಿದ್ಯೆ ನಮಗೆ ಅಷ್ಟು ದೂರದ್ದಲ್ಲ. ನಮ್ಮ ಅಂಗಡಿಗಳ ಮಾತನ್ನೇ ಗಮನಿಸಿ: ಜಮೆ, ಖರ್ಚು, ಬಾಕಿ, ವಸೂಲಿ, ರಸೀದಿ, ತಾರೀಖು, ದಫ್ತರು. ಇವೆಲ್ಲ ಅರಬಿ, ಪಾರಸಿಗಳಿಂದ ಬಂದು ಕನ್ನಡದ ಗಲ್ಲಾಪೆಟ್ಟಿಗೆಯ ಬಳಿ ನೆಲೆ ನಿಂತ ಪದಗಳು. ಹಿಂದೂ, ಮುಸ್ಲಿಮ್, ಜೈನ ಎನ್ನದೆ ಈ ನಾಡಿನ ಎಲ್ಲ ವರ್ತಕರೂ ಇವುಗಳಲ್ಲೇ ಲೆಕ್ಕ ಬರೆದಿದ್ದಾರೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ನಮಾಝ್ ಅಥವಾ ಹಜ್ಜಿನ ಕುರಿತಾದುದಲ್ಲ, ಸಾಲದ ಬರವಣಿಗೆಯ ಕುರಿತಾದುದು. ಅಲ್‌ಬಕರ ಅಧ್ಯಾಯದ 282ನೆಯ ಆ ಸೂಕ್ತದಲ್ಲಿ, ನಿಗದಿತ ಅವಧಿಯ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲಗಾರನು ಒಕ್ಕಣೆಯನ್ನು ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು ಎಂಬ ಆದೇಶಗಳಿವೆ. ಬರೆದರಷ್ಟೇ ಸಾಲದು, ಬರೆದುದನ್ನು ನೋಡುವ ಇನ್ನೊಬ್ಬರ ಕಣ್ಣೂ ಬೇಕು ಎಂಬ ಅಂಶವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದಿನ ಕಥೆಯೆಲ್ಲ ಆ ಕಣ್ಣಿನದೇ.

ಖಲೀಫಾ ಉಮರ್(ರ)ರವರ ಕಾಲದಲ್ಲಿ ದೀವಾನ್ ಎಂಬ ದಾಖಲೆ ವ್ಯವಸ್ಥೆ ರೂಪುಗೊಂಡಿತು. ಅಬ್ಬಾಸಿಯರ ಕಾಲಕ್ಕೆ ಅದು ದೊಡ್ಡ ಆಡಳಿತ ಯಂತ್ರವಾಗಿ ಬೆಳೆಯಿತು, ಸಾವಿರಾರು ಗುಮಾಸ್ತರು ಬೇಕಾದರು. ಅವರಿಗೆ ಲೆಕ್ಕ ಕಲಿಸುವ ಕಾಲೇಜು ಯಾವುದೂ ಇರಲಿಲ್ಲ. ಹಿರಿಯ ಗುಮಾಸ್ತನ ಬದಿಯಲ್ಲಿ ಕುಳಿತು, ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಹತ್ತನೆಯ ಶತಮಾನದಲ್ಲಿ ಬಗ್ದಾದಿನ ಮಹಾ ಗಣಿತಜ್ಞ ಅಬುಲ್ ವಫಾ ಅಲ್ ಬೂಝ್ಜಾನಿ ಇಂತಹವರಿಗಾಗಿಯೇ ಒಂದು ಗ್ರಂಥ ಬರೆದರು. ಗುಮಾಸ್ತರಿಗೂ ವ್ಯವಹಾರಸ್ಥರಿಗೂ ಅಗತ್ಯವಾದ ಲೆಕ್ಕದ ಪುಸ್ತಕ ಎಂಬುದು ಅದರ ಹೆಸರಿನ ತಾತ್ಪರ್ಯ. ಏಳು ಭಾಗಗಳು, ಪ್ರತಿ ಭಾಗದಲ್ಲಿ ಏಳು ಅಧ್ಯಾಯಗಳು. ಖಗೋಳವನ್ನು ಅಳೆಯಬಲ್ಲ ಈ ವಿದ್ವಾಂಸರು ಆ ಪುಸ್ತಕದಲ್ಲಿ ಅಂಕಿಗಳನ್ನೇ ಬಳಸಲಿಲ್ಲ. ಸಂಖ್ಯೆಗಳನ್ನೆಲ್ಲ ಮಾತಿನಲ್ಲೇ ಬರೆದರು. ಏಕೆಂದರೆ ಬೆರಳಿನ ಮೇಲೆ ಎಣಿಸುತ್ತಿದ್ದ ಗುಮಾಸ್ತರಿಗೆ ಭಾರತೀಯ ಅಂಕಿಗಳ ರೂಢಿ ಇನ್ನೂ ಆಗಿರಲಿಲ್ಲ. ಮೂರರಿಂದ ಐದನ್ನು ಕಳೆದರೆ ಉಳಿಯುವುದನ್ನು ಅವರು "ಎರಡರ ಸಾಲ" ಎಂದು ಕರೆದರು. ಋಣಸಂಖ್ಯೆಯನ್ನು ವ್ಯಾಪಾರಿಗೆ ವಿವರಿಸಲು ಇದಕ್ಕಿಂತ ಸುಲಭವಾದ ಪದ ಯಾವುದಿದೆ? ಎದುರಿಗಿಲ್ಲದ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂದು ಊಹಿಸಿ ಬರೆದ ಪಾಠವಿದು. ದೂರ ಶಿಕ್ಷಣದ ಮೊದಲ ಗುಣ ಇದೇ ಅಲ್ಲವೇ?

ನಾನು ಮದ್ರಸದಲ್ಲಿ ಓದುವಾಗ ವಾರಸು ಹಕ್ಕಿನ ವಿದ್ಯೆಗೆ 'ಸಿರಾಜಿ' ಎಂಬ ಗ್ರಂಥವಿತ್ತು. ಮೃತಳಿಗೆ ಗಂಡ ಮತ್ತು ಇಬ್ಬರು ಸಹೋದರಿಯರು ಮಾತ್ರ ಇದ್ದರೆ ಗಂಡನಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು. ಕೂಡಿದರೆ ಆರರಲ್ಲಿ ಏಳು ಪಾಲು! ಆಸ್ತಿ ಸಾಲದು. ಆಗ ಛೇದವನ್ನು ಆರರಿಂದ ಏಳಕ್ಕೆ ಏರಿಸಿ ಗಂಡನಿಗೆ 3, ಸಹೋದರಿಯರಿಗೆ 4 ಎಂದು ಹಂಚುತ್ತಾರೆ. ಇದಕ್ಕೆ 'ಔಲ್' ಎನ್ನುತ್ತಾರೆ. ದಿವಾಳಿಯಾದವನ ಆಸ್ತಿಯನ್ನು ಸಾಲಿಗರಿಗೆ ಪ್ರಮಾಣಾನುಸಾರ ಹಂಚುವ ಲೆಕ್ಕವೂ ಇದೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ, ಆ ಹುಡುಗಿಯ ಪಠ್ಯಪುಸ್ತಕವನ್ನು ತಿರುವಿಹಾಕಿದಾಗ. ಹರೀರಿಯವರ 'ಮಕಾಮಾತ್' ಕೂಡ ನಮಗೆ ಪಾಠವಾಗಿತ್ತು. ಅದರ ಇಪ್ಪತ್ತೆರಡನೆಯ ಕಥೆಯಲ್ಲಿ ಫುರಾತ್ ನದಿಯ ದೋಣಿಯಲ್ಲಿ ಒಂದು ಜಗಳ: ಸೊಗಸಾದ ಗದ್ಯ ಬರೆಯುವ ಗುಮಾಸ್ತ ಶ್ರೇಷ್ಠನೋ, ಲೆಕ್ಕ ಬರೆಯುವವನು ಶ್ರೇಷ್ಠನೋ? ನಾವು ಅದನ್ನು ಅರಬಿ ವ್ಯಾಕರಣಕ್ಕಾಗಿ ಓದಿದೆವೇ ಹೊರತು ಆ ಜಗಳದ ತೂಕ ನಮಗೆ ತಿಳಿಯಲಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಮುಸ್ಲಿಮರೇ ಕಂಡುಹಿಡಿದರು ಎಂದು ನಮ್ಮ ಕೆಲವು ಭಾಷಣಕಾರರು ಹೇಳುವುದುಂಟು. ಆ ಹೆಮ್ಮೆಗೆ ಗಟ್ಟಿ ಆಧಾರವಿಲ್ಲ. ಪಿಸಾ ನಗರದ ಫಿಬೊನಾಚಿ ಉತ್ತರ ಆಫ್ರಿಕದ ಬಿಜಾಯದಲ್ಲಿ ಅಂಕಿಗಳನ್ನು ಕಲಿತು 1202ರಲ್ಲಿ ತನ್ನ ಪುಸ್ತಕ ಬರೆದದ್ದು ನಿಜ. ಆದರೆ ಜೋಡಿ ನಮೂದು ಬೆಳೆದದ್ದು ಇಟಲಿಯ ವರ್ತಕರ ಕೈಯಲ್ಲಿ. ಲೂಕ ಪಚೋಲಿ ಎಂಬ ಪಾದ್ರಿ 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಅದನ್ನು ವಿವರಿಸಿದ. ಅಚ್ಚಾದ ಪುಸ್ತಕದಿಂದ ಆ ವಿದ್ಯೆ ವೆನಿಸನ್ನು ಕಾಣದವರಿಗೂ ತಲುಪಿತು. ಒಳ್ಳೆಯ ವಿದ್ಯೆ ಯಾರ ಮನೆಯದಾದರೂ ಕಲಿಯೋಣ; ಇಲ್ಲದ ಹಕ್ಕುಪತ್ರ ಬರೆಯುವುದು ಲೆಕ್ಕದ ಧರ್ಮಕ್ಕೇ ವಿರುದ್ಧ.

ಪುಸ್ತಕ ತಲುಪಿತು, ಸರಿ. ತಪ್ಪು ತಿದ್ದುವವರು ಯಾರು? ಈ ಪ್ರಶ್ನೆಗೆ ಉತ್ತರ ಬಂದದ್ದು ಅಂಚೆಯಿಂದ. 1840ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಕಳುಹಿಸುವ ವ್ಯವಸ್ಥೆ ಜಾರಿಯಾಯಿತು. ಅದೇ ವರ್ಷ ಐಸಾಕ್ ಪಿಟ್‌ಮನ್ ಎಂಬ ಶಿಕ್ಷಕ ಶೀಘ್ರಲಿಪಿಯ ಪಾಠಗಳನ್ನು ಅಂಚೆಯಲ್ಲಿ ಕಳುಹಿಸತೊಡಗಿದ. ಅಂಚೆಯಲ್ಲಿ ಪಾಠ ಎಂಬುದು ಅದಾಗಲೇ ಹಳತು. 1728ರಲ್ಲೇ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಅಂತಹ ಜಾಹೀರಾತು ಬಂದಿತ್ತು. ಪಿಟ್‌ಮನ್ನನ ಹೊಸತನವಿದ್ದದ್ದು ಮರುಟಪಾಲಿನಲ್ಲಿ. ವಿದ್ಯಾರ್ಥಿ ಅಭ್ಯಾಸ ಬರೆದು ಕಳುಹಿಸಬೇಕು, ಅದು ತಿದ್ದುಪಡಿಯೊಂದಿಗೆ ಅವನ ಮನೆಗೆ ಮರಳಬೇಕು. ಹಿರಿಯ ಗುಮಾಸ್ತ ಬದಿಯಲ್ಲಿ ಕುಳಿತು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಪೆನ್ನಿಯ ಅಂಚೆ ಮಾಡತೊಡಗಿತು.

1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಯಾವ ಕಾಲೇಜಿಗೂ ಸೇರದವರಿಗೂ ಪರೀಕ್ಷೆಯ ಬಾಗಿಲು ತೆರೆಯಿತು. 1880ರಲ್ಲಿ ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಯಾದ ಬೆನ್ನಿಗೇ ಅಂಚೆಯಲ್ಲಿ ಲೆಕ್ಕಶಾಸ್ತ್ರ ಕಲಿಸುವ ಸಂಸ್ಥೆಗಳು ಹುಟ್ಟಿಕೊಂಡವು. ಹಗಲು ಕಚೇರಿಯಲ್ಲಿ ಉಮೇದುವಾರಿ, ರಾತ್ರಿ ದೀಪದಡಿ ಅಂಚೆ ಪಾಠ. ಆ ದೇಶದ ಲೆಕ್ಕಿಗರ ಅನೇಕ ತಲೆಮಾರುಗಳು ಹೀಗೆಯೇ ತಯಾರಾದವು. ಅಂದರೆ ಇಂದು ನಾವು ಸಂಶಯದಿಂದ ನೋಡುವ ದೂರ ಶಿಕ್ಷಣ, ಲೆಕ್ಕದ ವೃತ್ತಿಯಲ್ಲಿ ರಾಜಮಾರ್ಗಗಳಲ್ಲೊಂದಾಗಿತ್ತು.

ಆದರೆ ಪಾಠ ಮನೆಗೆ ಬಂದ ಮಾತ್ರಕ್ಕೆ ವೃತ್ತಿಯ ಬಾಗಿಲು ತೆರೆಯುವುದಿಲ್ಲ. ಮೇರಿ ಹ್ಯಾರಿಸ್ ಸ್ಮಿತ್ ಎಂಬ ಮಹಿಳೆ ಲಂಡನ್ನಿನಲ್ಲಿ ಸ್ವಂತ ಲೆಕ್ಕಪತ್ರ ಕಚೇರಿ ನಡೆಸುತ್ತಿದ್ದರೂ, ಹೆಣ್ಣೆಂಬ ಕಾರಣಕ್ಕೆ ಆ ಸಂಸ್ಥೆ ಅವರನ್ನು ಹಲವು ವರ್ಷ ಹೊರಗಿಟ್ಟಿತು. 1919ರಲ್ಲಿ ಕಾನೂನು ಬದಲಾಗಿ, 1920ರಲ್ಲಿ ಸದಸ್ಯತ್ವ ಸಿಕ್ಕಾಗ ಅವರು ಎಪ್ಪತ್ತು ದಾಟಿದ್ದರು. ನಮ್ಮ ದೇಶದಲ್ಲಿ ಮದ್ರಾಸಿನ ಆರ್. ಶಿವಭೋಗಂ 1933ರಲ್ಲಿ ಲೆಕ್ಕಶಾಸ್ತ್ರದ ಸರ್ಕಾರಿ ಡಿಪ್ಲೊಮಾ ಪಡೆದು ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. ಈ ಎರಡು ಹೆಸರುಗಳನ್ನು ಆ ಹುಡುಗಿಗೆ ಬರೆದುಕೊಟ್ಟಿದ್ದೇನೆ.

1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಸಿಎ ಓದೆಂದರೆ ದೊಡ್ಡ ಕಾಲೇಜಿನ ಓದೆಂದು ನಮ್ಮಲ್ಲಿ ಬಹುತೇಕರ ಭಾವನೆ. ವಾಸ್ತವದಲ್ಲಿ ಅದಕ್ಕೆ ಕಾಲೇಜೇ ಇಲ್ಲ. ಸಂಸ್ಥೆಯ ಅಧ್ಯಯನ ಮಂಡಳಿ ಪಠ್ಯವನ್ನು ದೂರದಿಂದಲೇ ಒದಗಿಸುತ್ತದೆ, ಕೈಕೆಲಸವನ್ನು ಹಿರಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕಲಿಯಬೇಕು. ಈ ತರಬೇತಿ ಮೂರು ವರ್ಷದ್ದಾಗಿತ್ತು, 2023ರ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕಿಳಿದಿದೆ. ಪುಸ್ತಕ ದೂರದಿಂದ, ತಿದ್ದುವ ಕಣ್ಣು ಹತ್ತಿರದಿಂದ ಎಂಬ ಜಾಣತನ ಈ ವ್ಯವಸ್ಥೆಯಲ್ಲಿದೆ.

ವಿಶ್ವವಿದ್ಯಾನಿಲಯಗಳ ಪೈಕಿ ದೆಹಲಿ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಶುರುವಾಯಿತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಡುವೆ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಸಂಜೆ ಅಂಗಡಿಯ ಬಾಗಿಲು ಹಾಕಿ ಓದಿದವರು, ಮಗುವನ್ನು ಮಲಗಿಸಿ ಓದಿದ ತಾಯಂದಿರು, ಬೀಡಿ ಕಟ್ಟುತ್ತ ಓದಿದವರು ಇವುಗಳ ಬಾಗಿಲಿನಿಂದ ಪದವೀಧರರಾದರು.

ನಾನೂ ಬಿ.ಎ. ಓದಿದ್ದು ಹಾಗೆಯೇ. ಯಾವ ವಿಶ್ವವಿದ್ಯಾನಿಲಯವೆಂದು ಹೇಳುವುದಿಲ್ಲ. ಕಂದು ಕಾಗದದ ಕಟ್ಟಿನಲ್ಲಿ ಪುಸ್ತಕಗಳು ಬಂದಾಗ ಪೋಸ್ಟ್‌ಮ್ಯಾನಿಗೆ ಶರಬತ್ತು ಕೊಟ್ಟಿದ್ದೆ. ಹಳಗನ್ನಡ ಕಾವ್ಯದ ಮೇಲೆ ಹದಿನಾರು ಪುಟಗಳ ನಿಯೋಜಿತ ಕಾರ್ಯವನ್ನು ಮದ್ರಸದ ಮಕ್ಕಳು ಮಲಗಿದ ಮೇಲೆ ರಾತ್ರಿಗಳಲ್ಲಿ ಕುಳಿತು ಬರೆದು ಕಳುಹಿಸಿದೆ. ಅದು ಮರಳಿ ಬರಲೇ ಇಲ್ಲ. ಅಂಕಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ ಬಂತು. ಅದರಲ್ಲಿ ಎಲ್ಲಿ ತಪ್ಪಿದೆನೋ ಇಂದಿಗೂ ನನಗೆ ತಿಳಿಯದು. ಕಾವ್ಯದಲ್ಲಿ ಹೀಗಾದರೆ ಹೇಗೋ ನಡೆದೀತು. ಲೆಕ್ಕದಲ್ಲಿ ಆದರೆ? ತಪ್ಪನ್ನೇ ಸರಿಯೆಂದು ನಂಬಿಕೊಂಡು ಇನ್ನೊಬ್ಬರ ದುಡ್ಡಿನ ಲೆಕ್ಕ ಬರೆಯುವ ಗುಮಾಸ್ತ ತಯಾರಾಗುತ್ತಾನೆ.

ಈಗ ಅಂಚೆಯ ಜಾಗಕ್ಕೆ ಅಂತರ್ಜಾಲ ಬಂದಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗಿ, ಗುಜರಿ, ಮರ, ಬಟ್ಟೆ, ಮಸಾಲೆ ಎಂದು ಚಿಕ್ಕಪುಟ್ಟ ವ್ಯಾಪಾರದಲ್ಲಿರುವ ನಮ್ಮ ಅನೇಕ ಕುಟುಂಬಗಳಿಗೆ ಲೆಕ್ಕ ಬಲ್ಲವರ ಅಗತ್ಯ ಒಮ್ಮೆಲೇ ಎದುರಾಯಿತು. ಅದೇ ತಿಂಗಳ 9ರಂದು ಕೇಂದ್ರ ಸರ್ಕಾರದ ಉಚಿತ ಆನ್‌ಲೈನ್ ಪಾಠಗಳ 'ಸ್ವಯಂ' ಆರಂಭವಾಯಿತು. ಯುಜಿಸಿ 2020ರಲ್ಲಿ ಆನ್‌ಲೈನ್ ಪದವಿಗಳಿಗೆ ನಿಯಮಾವಳಿ ತಂದು, ಮಾನ್ಯತೆ ಪಡೆದ ಸಂಸ್ಥೆಗಳ ಇಂತಹ ಪದವಿ ಸಾಮಾನ್ಯ ಪದವಿಗೆ ಸಮಾನವೆಂದು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಆ ತಾಯಿಯ ಪ್ರಶ್ನೆಯ ಕಾನೂನಿನ ಭಾಗಕ್ಕೆ ಇದೇ ಉತ್ತರ: ಬೆಲೆ ಇದೆ, ಆದರೆ ಮಾನ್ಯತೆಯನ್ನು ಯುಜಿಸಿಯ ದೂರ ಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನಾವೇ ನೋಡಿಕೊಂಡ ಮೇಲೆ.

ಇನ್ನು, ನಮ್ಮಲ್ಲಿ ಎಷ್ಟೋ ಮಂದಿಗೆ ಅಕೌಂಟೆನ್ಸಿ ಎಂದರೆ ಮೂರು ತಿಂಗಳ ಟ್ಯಾಲಿ ಕೋರ್ಸು. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ, 1986ರಲ್ಲಿ ಶುರುವಾದದ್ದು. ಅದರ ಉಪಯೋಗದ ಬಗ್ಗೆ ಎರಡು ಮಾತಿಲ್ಲ. ಆದರೆ ಜಮೆ, ಖರ್ಚು ಎರಡೂ ಕಡೆ ಸಮವಾಗದೆ ಆ ತಂತ್ರಾಂಶ ನಮೂದನ್ನು ಒಪ್ಪುವುದೇ ಇಲ್ಲ. ಹಾಗಾಗಿ ಕಲಿಯುವವರಿಗೆ ತಾಳೆ ತಪ್ಪುವ ಅನುಭವವೇ ಆಗುವುದಿಲ್ಲ. ಅಂಗಡಿಗೆ ಕೊಂಡ ತಕ್ಕಡಿಯನ್ನು ಖರೀದಿ ಖಾತೆಗೆ ಬರೆದರೂ ಎರಡು ಬದಿ ಸಮವಾಗಿಯೇ ಕಾಣುತ್ತವೆ. ತಪ್ಪು ಸದ್ದಿಲ್ಲದೆ ಒಳಗೆ ಕುಳಿತಿರುತ್ತದೆ. ಅದನ್ನು ಕಾಣಲು ಮನುಷ್ಯನೇ ಬೇಕು.

ಎರಡು ದಿನಗಳ ಬಳಿಕ ಆ ಹುಡುಗಿ ಎರಡು ಕೋರ್ಸುಗಳ ವಿವರ ತಂದಳು. ಮೊದಲನೆಯದರಲ್ಲಿ ಇನ್ನೂರಕ್ಕೂ ಮಿಕ್ಕಿ ವಿಡಿಯೋಗಳು, ಬಣ್ಣದ ಸರ್ಟಿಫಿಕೇಟು, ಕಡಿಮೆ ಫೀಸು. "ನೀನು ಬರೆದುದನ್ನು ಯಾರು ತಿದ್ದುತ್ತಾರೆ?" ಎಂದು ಕೇಳಿದೆ. ಫೋನ್ ಮಾಡಿ ವಿಚಾರಿಸಿದಳು, ತಿದ್ದುವವರು ಯಾರೂ ಇರಲಿಲ್ಲ. ಎರಡನೆಯದು ಮಾನ್ಯತೆಯಿರುವ ವಿಶ್ವವಿದ್ಯಾನಿಲಯವೊಂದರ ಆನ್‌ಲೈನ್ ಬಿ.ಕಾಂ. ಅಲ್ಲಿ ವಾರಕ್ಕೊಮ್ಮೆ ಅಭ್ಯಾಸವನ್ನು ಕೈಯಲ್ಲೇ ಬರೆದು, ಫೋಟೋ ತೆಗೆದು ಕಳುಹಿಸಬೇಕು. ಫೀಸು ತುಸು ಹೆಚ್ಚು. ತಾಯಿ ಕಂತಿನಲ್ಲಿ ಕಟ್ಟಲು ಒಪ್ಪಿದರು.

ಮೊನ್ನೆ ಮಗ್ರಿಬಿನ ನಂತರ ಅಂಗಡಿಗೆ ಹೋಗಿದ್ದೆ. ಅಕ್ಕಿ ಚೀಲದ ಮೇಲೆ ನೋಟುಪುಸ್ತಕ ತೆರೆದಿತ್ತು. ತಾಳೆಪಟ್ಟಿಯ ಎರಡು ಬದಿಗಳ ನಡುವೆ 90 ರೂಪಾಯಿ ವ್ಯತ್ಯಾಸ. ಎರಡು ರಾತ್ರಿ ಹುಡುಕಿದರೂ ಸಿಕ್ಕಿರಲಿಲ್ಲವಂತೆ. ಅಷ್ಟರಲ್ಲಿ ಮೊಬೈಲಿಗೆ ಅವಳು ಕಳುಹಿಸಿದ ಪುಟ ಮರಳಿ ಬಂತು. ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ ಒಂದೇ ಸಾಲು: ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು, ಶೇಷ ಉಳಿಯದಿದ್ದರೆ ಎಲ್ಲೋ ಅಂಕಿಗಳು ಅದಲುಬದಲಾಗಿರಬಹುದು. ಅವಳು ಬೆರಳಿಟ್ಟು ಸಾಲುಸಾಲಾಗಿ ಇಳಿದಳು. ಎಣ್ಣೆ ವ್ಯಾಪಾರಿಯ ಖಾತೆಯಲ್ಲಿ 1,540 ಇದ್ದದ್ದು ತಾಳೆಪಟ್ಟಿಯಲ್ಲಿ 1,450 ಆಗಿತ್ತು. ಅವಳು ಅದನ್ನು ಹೊಡೆದುಹಾಕಿ ಸರಿಯಾದ ಸಂಖ್ಯೆ ಬರೆದು, ನನ್ನತ್ತ ನೋಡದೆಯೇ ಎರಡು ಬದಿಯನ್ನೂ ಮತ್ತೆ ಕೂಡತೊಡಗಿದಳು.