ಕಫಾಲಾ ಪದ್ಧತಿ

ಕಫಾಲಾ ಪದ್ಧತಿಯು ಪಶ್ಚಿಮ ಏಷ್ಯಾದ ಹಲವು ಅರಬ್ ರಾಷ್ಟ್ರಗಳಲ್ಲಿ ವಿದೇಶಿ ಕಾರ್ಮಿಕರ ಪ್ರವೇಶ, ವಾಸ್ತವ್ಯ, ಉದ್ಯೋಗ ಮತ್ತು ನಿರ್ಗಮನಗಳನ್ನು ನಿಯಂತ್ರಿಸುವ ಪ್ರಾಯೋಜಕತ್ವದ ವ್ಯವಸ್ಥೆಯಾಗಿದೆ. ಇದರ ಪ್ರಕಾರ ಪ್ರತಿಯೊಬ್ಬ ವಲಸೆ ಕಾರ್ಮಿಕನಿಗೂ ಆ ದೇಶದ ಪ್ರಜೆಯೊಬ್ಬರು ಅಥವಾ ಅಲ್ಲಿ ನೋಂದಣಿಯಾದ ಸಂಸ್ಥೆಯೊಂದು ಹೊಣೆಗಾರರಾಗಿ ನಿಲ್ಲಬೇಕು. ಈ ಹೊಣೆಗಾರನನ್ನು ಕಫೀಲ್ ಎಂದು ಕರೆಯುತ್ತಾರೆ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್, ಕತಾರ್, ಬಹ್ರೇನ್ ಮತ್ತು ಒಮಾನ್ ಎಂಬ ಆರು ಕೊಲ್ಲಿ ರಾಷ್ಟ್ರಗಳಲ್ಲಿಯೂ ಜೋರ್ಡಾನ್ ಮತ್ತು ಲೆಬನಾನ್‌ಗಳಲ್ಲಿಯೂ ಇದು ಬೇರೆ ಬೇರೆ ರೂಪಗಳಲ್ಲಿ ಬಳಕೆಗೆ ಬಂದಿತು. ಕೆಲಸ ಕೊಡುವವನ ಕೈಯಲ್ಲೇ ಕಾರ್ಮಿಕನ ವಾಸದ ಹಕ್ಕನ್ನೂ ಇಡುವುದರಿಂದ ಈ ಪದ್ಧತಿಯು ತೀವ್ರ ಟೀಕೆಗೆ ಗುರಿಯಾಗಿದೆ. 2009ರ ನಂತರ ಕೊಲ್ಲಿ ರಾಷ್ಟ್ರಗಳು ಇದರಲ್ಲಿ ಹಂತ ಹಂತವಾಗಿ ಬದಲಾವಣೆಗಳನ್ನು ತಂದಿವೆ.

ಪದದ ಅರ್ಥ

ಅರಬ್ಬಿ ಭಾಷೆಯಲ್ಲಿ ಕಫಾಲಾ ಎಂದರೆ ಜಾಮೀನು, ಹೊಣೆ ಅಥವಾ ಪೋಷಣೆಯ ಭಾರ ಹೊರುವುದು. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಈ ಪದವು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವುದನ್ನೂ, ಅನಾಥ ಮಗುವಿನ ಪಾಲನೆಯ ಹೊಣೆ ವಹಿಸಿಕೊಳ್ಳುವುದನ್ನೂ ಸೂಚಿಸುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯು ಕಫಾಲಾವನ್ನು ಉಲ್ಲೇಖಿಸುವುದು ಈ ಎರಡನೆಯ ಅರ್ಥದಲ್ಲಿ. ಕಾರ್ಮಿಕರಿಗೆ ಸಂಬಂಧಿಸಿದ ಕಫಾಲಾ ಪದ್ಧತಿಯು ಹೆಸರನ್ನು ಇದೇ ಮೂಲದಿಂದ ಪಡೆದಿದ್ದರೂ ಅದು ಧಾರ್ಮಿಕ ವಿಧಿಯಲ್ಲ. ಆಧುನಿಕ ವಲಸೆ ಮತ್ತು ವಾಸ್ತವ್ಯ ಕಾನೂನುಗಳ ಮೂಲಕ ರೂಪುಗೊಂಡ ಆಡಳಿತ ವ್ಯವಸ್ಥೆ.

ಹಿನ್ನೆಲೆ

ತೈಲ ದೊರೆಯುವ ಮೊದಲು ಕೊಲ್ಲಿಯ ಕರಾವಳಿಯ ಮುಖ್ಯ ಉದ್ಯಮ ಮುತ್ತುಗಳ ಸಂಗ್ರಹವಾಗಿತ್ತು. ಭಾರತದ ಪಶ್ಚಿಮ ಕರಾವಳಿಯೊಂದಿಗೆ ಈ ಪ್ರದೇಶಕ್ಕೆ ಹಳೆಯ ವ್ಯಾಪಾರ ಸಂಬಂಧವಿತ್ತು. ಭಾರತದ ರೂಪಾಯಿಯೇ ಅಲ್ಲಿ ಚಲಾವಣೆಯಲ್ಲಿದ್ದು, 1959ರಲ್ಲಿ ಅದರ ಬದಲಿಗೆ ಭಾರತೀಯ ರಿಸರ್ವ್ ಬ್ಯಾಂಕ್ ಪ್ರತ್ಯೇಕ ಗಲ್ಫ್ ರೂಪಾಯಿಯನ್ನು ಹೊರತಂದಿತು. ಬಹ್ರೇನ್‌ನಲ್ಲಿ 1932ರಲ್ಲಿಯೂ, ಕುವೈತ್ ಮತ್ತು ಸೌದಿ ಅರೇಬಿಯಾಗಳಲ್ಲಿ 1938ರಲ್ಲಿಯೂ ತೈಲ ಪತ್ತೆಯಾಯಿತು. ಹೊರಗಿನಿಂದ ಬರುವವರಿಗೆ ಸ್ಥಳೀಯರೊಬ್ಬರು ಹೊಣೆಯಾಗಬೇಕೆಂಬ ನಿಯಮವು ಬ್ರಿಟಿಷರ ರಕ್ಷಣೆಯಲ್ಲಿದ್ದ ಕೊಲ್ಲಿ ಸಂಸ್ಥಾನಗಳಲ್ಲಿ 20ನೇ ಶತಮಾನದ ಮೊದಲ ಭಾಗದಲ್ಲೇ ಕಾಣಿಸಿಕೊಂಡಿತೆಂದು ಕೆಲವು ಇತಿಹಾಸಕಾರರು ತೋರಿಸಿದ್ದಾರೆ.

1973ರ ತೈಲ ಬೆಲೆ ಏರಿಕೆಯ ನಂತರ ರಸ್ತೆ, ಬಂದರು, ಆಸ್ಪತ್ರೆ ಮತ್ತು ನಗರಗಳ ನಿರ್ಮಾಣಕ್ಕೆ ದೊಡ್ಡ ಪ್ರಮಾಣದಲ್ಲಿ ಕೆಲಸಗಾರರು ಬೇಕಾದರು. ಸ್ಥಳೀಯ ಜನಸಂಖ್ಯೆ ಕಡಿಮೆಯಿತ್ತು. ಹೊರಗಿನವರನ್ನು ಪ್ರಜೆಗಳನ್ನಾಗಿ ಮಾಡಿಕೊಳ್ಳದೆ ಅವರ ದುಡಿಮೆಯನ್ನು ಮಾತ್ರ ಪಡೆಯುವ ಮಾರ್ಗವಾಗಿ ಕಫಾಲಾ ವ್ಯಾಪಕವಾಯಿತು. ವಲಸಿಗರ ಮೇಲ್ವಿಚಾರಣೆಯ ಕೆಲಸವನ್ನು ಸರ್ಕಾರವು ಲಕ್ಷಾಂತರ ಖಾಸಗಿ ವ್ಯಕ್ತಿಗಳಿಗೆ ವಹಿಸಿಕೊಟ್ಟಂತಾಯಿತು. ಇಂದು ಕತಾರ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿ ಹತ್ತು ನಿವಾಸಿಗಳಲ್ಲಿ ಸುಮಾರು ಒಂಬತ್ತು ಮಂದಿ ವಿದೇಶಿಯರಾಗಿದ್ದಾರೆ.

ಕಾರ್ಯವಿಧಾನ

ಉದ್ಯೋಗದಾತನು ಮೊದಲು ತನ್ನ ಸರ್ಕಾರದಿಂದ ವೀಸಾ ಪಡೆಯುತ್ತಾನೆ. ಸಾಮಾನ್ಯವಾಗಿ ನೇಮಕಾತಿ ಏಜೆಂಟರ ಮೂಲಕ ಕಾರ್ಮಿಕನ ಆಯ್ಕೆ ನಡೆಯುತ್ತದೆ. ಕಾರ್ಮಿಕನು ಆ ದೇಶವನ್ನು ತಲುಪಿದ ಮೇಲೆ ವೈದ್ಯಕೀಯ ಪರೀಕ್ಷೆ ಮುಗಿಸಿ ವಾಸ್ತವ್ಯದ ಗುರುತಿನ ಚೀಟಿಯನ್ನು ಪಡೆಯುತ್ತಾನೆ. ಇದನ್ನು ಸೌದಿ ಅರೇಬಿಯಾದಲ್ಲಿ ಇಕಾಮಾ ಎನ್ನುತ್ತಾರೆ. ಚೀಟಿಯನ್ನು ಮಾಡಿಸುವುದೂ ನವೀಕರಿಸುವುದೂ ಉದ್ಯೋಗದಾತನ ಕರ್ತವ್ಯ. ಆತ ನವೀಕರಿಸದಿದ್ದರೆ ಅಕ್ರಮ ನಿವಾಸಿಯಾಗುವುದು ಮಾತ್ರ ಕಾರ್ಮಿಕನೇ.

ಸಾಂಪ್ರದಾಯಿಕ ಕಫಾಲಾದಲ್ಲಿ ಕಫೀಲನಿಗೆ ಮುಖ್ಯವಾಗಿ ಮೂರು ಅಧಿಕಾರಗಳಿದ್ದವು. ಮೊದಲನೆಯದು, ಆತನ ನಿರಾಕ್ಷೇಪಣಾ ಪತ್ರವಿಲ್ಲದೆ ಕಾರ್ಮಿಕನು ಬೇರೆ ಕಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ಎರಡನೆಯದು, ಕೆಲವು ದೇಶಗಳಲ್ಲಿ ಆತನ ಒಪ್ಪಿಗೆಯಿಂದ ದೊರೆಯುವ ನಿರ್ಗಮನ ಪರವಾನಗಿ ಇಲ್ಲದೆ ದೇಶ ಬಿಟ್ಟು ಹೊರಡುವಂತಿರಲಿಲ್ಲ. ಮೂರನೆಯದು, ಕಾರ್ಮಿಕನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದಾನೆಂದು ಆತ ದೂರು ಕೊಡಬಹುದಿತ್ತು. ಸೌದಿ ಅರೇಬಿಯಾದಲ್ಲಿ ಹುರೂಬ್ ಎಂದು ಪ್ರಸಿದ್ಧವಾದ ಈ ದೂರು ದಾಖಲಾದರೆ ಕಾರ್ಮಿಕನು ಬಂಧನ ಮತ್ತು ಗಡೀಪಾರಿಗೆ ಗುರಿಯಾಗುತ್ತಿದ್ದನು. ಸಂಬಳ ಕೇಳಿದವರ ವಿರುದ್ಧವೂ ಇಂತಹ ದೂರುಗಳು ದಾಖಲಾದ ನಿದರ್ಶನಗಳಿವೆ.

ಪಾಸ್‌ಪೋರ್ಟನ್ನು ಉದ್ಯೋಗದಾತನು ತನ್ನ ಬಳಿ ಇಟ್ಟುಕೊಳ್ಳುವುದು ಕೊಲ್ಲಿ ರಾಷ್ಟ್ರಗಳ ನಿಯಮಗಳಿಗೆ ವಿರುದ್ಧವಾದರೂ ಆಚರಣೆಯಲ್ಲಿ ಉಳಿದಿದೆ. ಫ್ರೀ ವೀಸಾ ಅಥವಾ ಆಜಾದ್ ವೀಸಾ ಎಂಬುದು ಇನ್ನೊಂದು ಅನಧಿಕೃತ ರೂಢಿ. ಇದರಲ್ಲಿ ಕಫೀಲನು ಹೆಸರಿಗೆ ಮಾತ್ರ ಪ್ರಾಯೋಜಕನಾಗಿದ್ದು ವೀಸಾವನ್ನು ಹಣಕ್ಕೆ ಮಾರುತ್ತಾನೆ. ಕೊಂಡವನು ತನಗೆ ಸಿಕ್ಕಲ್ಲಿ ದುಡಿದು ನವೀಕರಣದ ಸಮಯಕ್ಕೆ ಕಫೀಲನಿಗೆ ಹಣ ಕೊಡುತ್ತಾನೆ. ಕೆಲಸ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಿಗುತ್ತದೆಂಬ ಕಾರಣಕ್ಕೆ ಅನೇಕರು ಇದನ್ನೇ ಬಯಸುತ್ತಾರೆ. ಆದರೆ ದಾಖಲೆಯಲ್ಲಿರುವ ಉದ್ಯೋಗದಾತ ಒಬ್ಬ, ನಿಜವಾಗಿ ಕೆಲಸ ಕೊಟ್ಟವನು ಇನ್ನೊಬ್ಬ ಆಗಿರುವುದರಿಂದ ಅಪಘಾತವಾದಾಗ ಅಥವಾ ಸಂಬಳ ನಿಂತಾಗ ಕಾನೂನಿನ ರಕ್ಷಣೆ ದೊರೆಯುವುದಿಲ್ಲ.

ಕಾರ್ಮಿಕರ ಜೀವನ

ನಿರ್ಮಾಣ ಮತ್ತು ಶುಚಿತ್ವದ ಕೆಲಸಗಾರರು ಹೆಚ್ಚಾಗಿ ನಗರದ ಅಂಚಿನಲ್ಲಿರುವ ಲೇಬರ್ ಕ್ಯಾಂಪುಗಳಲ್ಲಿ ವಾಸಿಸುತ್ತಾರೆ. ದುಬೈನ ಸೋನಾಪುರ, ಅಬುಧಾಬಿಯ ಮುಸಫ್ಫಾ, ದೋಹಾದ ಕೈಗಾರಿಕಾ ಪ್ರದೇಶಗಳು ಇಂತಹ ನೆಲೆಗಳಿಗೆ ಹೆಸರಾಗಿವೆ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚಗಳಿರುತ್ತವೆ. ಅಡುಗೆಮನೆ ಮತ್ತು ಶೌಚಾಲಯಗಳು ಎಲ್ಲರಿಗೂ ಸೇರಿದ್ದು. ಅಂಗಡಿ, ಹೋಟೆಲು ಮತ್ತು ಸಣ್ಣ ಕಚೇರಿಗಳಲ್ಲಿ ದುಡಿಯುವವರು ನಗರದೊಳಗೆ ಒಂದು ಹಾಸಿಗೆಯ ಜಾಗವನ್ನಷ್ಟೇ ಬಾಡಿಗೆಗೆ ಹಿಡಿಯುವುದುಂಟು. ಕುಟುಂಬವನ್ನು ಕರೆಸಿಕೊಳ್ಳಲು ನಿಗದಿತ ಸಂಬಳವಿರಬೇಕೆಂಬ ನಿಯಮವಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಈ ಮಿತಿ ತಿಂಗಳಿಗೆ 4,000 ದಿರ್ಹಂ, ಅಥವಾ ವಸತಿಯೊಂದಿಗೆ 3,000 ದಿರ್ಹಂ. ಇದಕ್ಕಿಂತ ಕಡಿಮೆ ದುಡಿಯುವವನು ಊರಿನಲ್ಲಿ ಹೆಂಡತಿ ಮಕ್ಕಳಿದ್ದರೂ ಅಲ್ಲಿಯ ಮಾತಿನಲ್ಲಿ ಬ್ಯಾಚುಲರ್ ಆಗಿಯೇ ಉಳಿಯುತ್ತಾನೆ.

ಬೇಸಿಗೆಯ ತಾಪ ಇನ್ನೊಂದು ಮುಖ್ಯ ಸಮಸ್ಯೆ. ಹೊರಾಂಗಣದ ಕೆಲಸವನ್ನು ಮಧ್ಯಾಹ್ನ ನಿಲ್ಲಿಸಬೇಕೆಂಬ ನಿಯಮ ಈಗ ಎಲ್ಲ ಕೊಲ್ಲಿ ರಾಷ್ಟ್ರಗಳಲ್ಲಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಕೆಲಸ ನಿಷಿದ್ಧ. ಕತಾರ್ 2021ರಲ್ಲಿ ಈ ಅವಧಿಯನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ವಿಸ್ತರಿಸಿತು.

ಕಷ್ಟಗಳನ್ನು ಎದುರಿಸಲು ಕಾರ್ಮಿಕರು ತಮ್ಮದೇ ಏರ್ಪಾಡುಗಳನ್ನು ಕಟ್ಟಿಕೊಂಡಿದ್ದಾರೆ. ಒಂದೇ ಊರಿನವರು ಸೇರಿ ಮೆಸ್ ನಡೆಸಿ ಊಟದ ಖರ್ಚನ್ನು ಹಂಚಿಕೊಳ್ಳುತ್ತಾರೆ. ತಿಂಗಳ ಚೀಟಿ ಹಾಕಿ ಊರಿನ ಮದುವೆ, ಮನೆ ಕಟ್ಟುವಿಕೆ ಮತ್ತು ಸಾಲ ತೀರಿಕೆಗೆ ಹಣ ಹೊಂದಿಸುತ್ತಾರೆ. ಕೆಲಸ ಕಳೆದುಕೊಂಡವನಿಗೆ ಹೊಸ ಕೆಲಸ ಸಿಗುವವರೆಗೆ ಕೋಣೆಯಲ್ಲಿ ಇರಗೊಡುವುದು ಸಾಮಾನ್ಯ. ಯಾರಾದರೂ ತೀರಿಕೊಂಡರೆ ಮರಣ ಪ್ರಮಾಣಪತ್ರ, ಪೊಲೀಸ್ ಅನುಮತಿ, ವೀಸಾ ರದ್ದತಿ, ಪ್ರಾಯೋಜಕನ ಪತ್ರ, ರಾಯಭಾರ ಕಚೇರಿಯ ನೋಂದಣಿ ಇವೆಲ್ಲ ಮುಗಿಯದೆ ಶವವನ್ನು ಸ್ವದೇಶಕ್ಕೆ ಕಳುಹಿಸಲಾಗದು. ಈ ಓಡಾಟವನ್ನು ಬಹುತೇಕ ಸಮುದಾಯ ಸಂಘಟನೆಗಳ ಸ್ವಯಂಸೇವಕರೇ ನಿಭಾಯಿಸುತ್ತಾರೆ.

ಮನೆಗೆಲಸದವರು

ಮನೆಗೆಲಸದ ಮಹಿಳೆಯರು, ಚಾಲಕರು, ಅಡುಗೆಯವರು ಮತ್ತು ತೋಟದ ಕೆಲಸಗಾರರು ಕಫಾಲಾ ಪದ್ಧತಿಯಲ್ಲಿ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುವವರು. ಇವರು ಉದ್ಯೋಗದಾತನ ಮನೆಯಲ್ಲೇ ವಾಸಿಸುವುದರಿಂದ ಕೆಲಸದ ಅವಧಿಗೆ ಮಿತಿಯಿರುವುದಿಲ್ಲ, ಕಾರ್ಮಿಕ ನಿರೀಕ್ಷಕರಿಗೆ ಅಲ್ಲಿಗೆ ಸುಲಭ ಪ್ರವೇಶವೂ ಇರುವುದಿಲ್ಲ. ಬಹಳ ಕಾಲ ಇವರನ್ನು ಕಾರ್ಮಿಕ ಕಾನೂನುಗಳ ವ್ಯಾಪ್ತಿಯಿಂದಲೇ ಹೊರಗಿಡಲಾಗಿತ್ತು. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನು ತಂದಿತು. ಕತಾರ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳು 2017ರಲ್ಲಿ ಇದನ್ನು ಅನುಸರಿಸಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯು ಮನೆಗೆಲಸದವರಿಗೆ ವಾರಕ್ಕೆ ಸತತ 24 ಗಂಟೆಗಳ ಬಿಡುವನ್ನೂ, ಪ್ರಯಾಣ ದಾಖಲೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕನ್ನೂ ವಿಧಿಸುತ್ತದೆ.

ಲೆಬನಾನ್‌ನ 1946ರ ಕಾರ್ಮಿಕ ಕಾನೂನು ಮನೆಗೆಲಸದವರಿಗೆ ಅನ್ವಯಿಸುವುದಿಲ್ಲ. 2020ರಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯವು ಅವರಿಗಾಗಿ ಹೊಸ ಏಕರೂಪ ಕರಾರನ್ನು ಪ್ರಕಟಿಸಿತಾದರೂ ದೇಶದ ಉನ್ನತ ಆಡಳಿತಾತ್ಮಕ ನ್ಯಾಯಾಲಯ ಅದನ್ನು ಅದೇ ವರ್ಷ ತಡೆಹಿಡಿಯಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸಂಬಳ ಕೊಡಲಾಗದ ಹಲವು ಕುಟುಂಬಗಳು ಇಥಿಯೋಪಿಯಾದ ಮಹಿಳೆಯರನ್ನು ಬೈರೂತ್‌ನಲ್ಲಿರುವ ಅವರ ದೇಶದ ಕಾನ್ಸುಲೇಟಿನ ಮುಂದೆ ಬಿಟ್ಟು ಹೋದವು.

ಸುಧಾರಣೆಗಳು

ಬಹ್ರೇನ್: 2009ರಲ್ಲಿ ಉದ್ಯೋಗದಾತನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿತು. 2017ರಲ್ಲಿ ಪ್ರಾಯೋಜಕನಿಲ್ಲದೆ ದುಡಿಯಬಹುದಾದ ಪರವಾನಗಿಯನ್ನು ಆರಂಭಿಸಿ 2022ರಲ್ಲಿ ಅದನ್ನು ಕೈಬಿಟ್ಟಿತು.

ಸಂಯುಕ್ತ ಅರಬ್ ಎಮಿರೇಟ್ಸ್: 2009ರಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕೆಂಬ ವೇತನ ರಕ್ಷಣಾ ವ್ಯವಸ್ಥೆಯನ್ನು ತಂದಿತು. ಸಂಬಳ ತಡವಾದರೆ ಇದರಿಂದ ಸರ್ಕಾರಕ್ಕೆ ತಿಳಿಯುತ್ತದೆ. ಇತರ ಕೊಲ್ಲಿ ರಾಷ್ಟ್ರಗಳೂ ಈ ಮಾದರಿಯನ್ನು ಅಳವಡಿಸಿಕೊಂಡವು.

ಕತಾರ್: 2022ರ ಫುಟ್‌ಬಾಲ್ ವಿಶ್ವಕಪ್‌ನ ಆತಿಥ್ಯ 2010ರಲ್ಲಿ ದೊರೆತ ಬಳಿಕ ಕತಾರ್ ಜಗತ್ತಿನ ಗಮನ ಸೆಳೆಯಿತು. 2017ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಬಹುಪಾಲು ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೂ ನಿರ್ಗಮನ ಪರವಾನಗಿಯನ್ನು ರದ್ದುಪಡಿಸಿತು. 2020ರಲ್ಲೇ ನಿರಾಕ್ಷೇಪಣಾ ಪತ್ರದ ನಿಯಮವನ್ನೂ ತೆಗೆಯಿತು. 2021ರ ಮಾರ್ಚ್‌ನಿಂದ 1,000 ರಿಯಾಲ್ ಕನಿಷ್ಠ ಮಾಸಿಕ ವೇತನ ಜಾರಿಗೆ ಬಂದಿತು. ಉದ್ಯೋಗದಾತನು ಊಟ, ವಸತಿ ಒದಗಿಸದಿದ್ದರೆ ಕ್ರಮವಾಗಿ 300 ಮತ್ತು 500 ರಿಯಾಲ್ ಸೇರಿಸಿ ಕೊಡಬೇಕು.

ಒಮಾನ್: 2021ರ ಜನವರಿಯಿಂದ ಕರಾರು ಮುಗಿದವರಿಗೆ ನಿರಾಕ್ಷೇಪಣಾ ಪತ್ರವಿಲ್ಲದೆ ಬೇರೆ ಕೆಲಸಕ್ಕೆ ಸೇರಲು ಅವಕಾಶ ಕಲ್ಪಿಸಿತು.

ಸೌದಿ ಅರೇಬಿಯಾ: 2021ರ ಮಾರ್ಚ್‌ನಲ್ಲಿ ಖಾಸಗಿ ವಲಯದ ಕಾರ್ಮಿಕರಿಗೆ ನಿರ್ದಿಷ್ಟ ಷರತ್ತುಗಳೊಂದಿಗೆ ಕೆಲಸ ಬದಲಿಸುವ ಮತ್ತು ತಾವೇ ನಿರ್ಗಮನ ವೀಸಾ ಪಡೆಯುವ ಅವಕಾಶ ನೀಡಿತು. ಮನೆಗೆಲಸದವರು ಮತ್ತು ಮನೆಯ ಚಾಲಕರು ಈ ಸುಧಾರಣೆಯ ಹೊರಗುಳಿದರು.

ಕುವೈತ್: 2016ರಲ್ಲಿ ಮನೆಗೆಲಸದವರಿಗೆ 60 ದಿನಾರ್ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಇತರ ರಾಷ್ಟ್ರಗಳು ನಿರ್ಗಮನ ನಿಯಮವನ್ನು ಸಡಿಲಿಸುತ್ತಿದ್ದಾಗ ಕುವೈತ್ 2025ರ ಜುಲೈನಿಂದ ಖಾಸಗಿ ವಲಯದ ವಿದೇಶಿ ಉದ್ಯೋಗಿಗಳಿಗೆ ಉದ್ಯೋಗದಾತನ ಒಪ್ಪಿಗೆಯ ನಿರ್ಗಮನ ಪರವಾನಗಿಯನ್ನು ಕಡ್ಡಾಯಗೊಳಿಸಿತು.

ಭಾರತ ಮತ್ತು ಕರ್ನಾಟಕ

ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಭಾರತದ 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಉತ್ತೀರ್ಣರಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ವರ್ಗದ ಮಹಿಳೆಯರಿಗೆ ಕನಿಷ್ಠ ವಯಸ್ಸು 30 ವರ್ಷ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ನೋಂದಣಿಯಿಲ್ಲದ ಮಧ್ಯವರ್ತಿಗಳು ಇದರ ಹಲವು ಪಟ್ಟು ವಸೂಲಿ ಮಾಡುವುದರಿಂದ ಕಾರ್ಮಿಕನು ಸಾಲದೊಂದಿಗೇ ವಿಮಾನ ಹತ್ತುವ ಪರಿಸ್ಥಿತಿ ಉಂಟಾಗುತ್ತದೆ. ಉದ್ಯೋಗ ವೀಸಾದ ಬದಲು ಸಂದರ್ಶಕ ವೀಸಾದಲ್ಲಿ ಹೋದವರಿಗೆ ಅನುಮತಿ ವ್ಯವಸ್ಥೆಯ ರಕ್ಷಣೆ ಸಿಗುವುದಿಲ್ಲ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ವಿಮೆಯಿದೆ. 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿಗಳು ಸಂಕಷ್ಟದಲ್ಲಿರುವವರಿಗೆ ಆಶ್ರಯ, ವಿಮಾನ ಟಿಕೆಟ್, ಕಾನೂನು ನೆರವು ಮತ್ತು ಶವ ಸಾಗಣೆಯ ವೆಚ್ಚವನ್ನು ನೀಡಬಹುದು.

ಕರ್ನಾಟಕದಿಂದ ಕೊಲ್ಲಿಗೆ ಹೋದವರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳವರೂ ಉತ್ತರ ಕನ್ನಡದ ಭಟ್ಕಳದವರೂ ಪ್ರಮುಖರು. ಮಂಗಳೂರಿನಿಂದ ನೇರ ಅಂತರರಾಷ್ಟ್ರೀಯ ವಿಮಾನಯಾನ 2006ರಲ್ಲಿ ಆರಂಭವಾಗುವ ಮೊದಲು ಕರಾವಳಿಯವರು ಹೆಚ್ಚಾಗಿ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ತುಳು, ಬ್ಯಾರಿ, ಕೊಂಕಣಿ, ನವಾಯತಿ ಮತ್ತು ಕನ್ನಡ ಮಾತನಾಡುವವರ ಸಂಘಗಳು ಕೊಲ್ಲಿಯ ಮುಖ್ಯ ನಗರಗಳಲ್ಲಿ ಕಾರ್ಯನಿರತವಾಗಿವೆ. ಕರಾವಳಿಯ ಮನೆ, ಶಾಲೆ, ಆಸ್ಪತ್ರೆ ಮತ್ತು ಪೂಜಾಸ್ಥಳಗಳ ಬೆಳವಣಿಗೆಯಲ್ಲಿ ಕೊಲ್ಲಿಯ ಹಣದ ಪಾಲು ದೊಡ್ಡದು.

ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ

ಮಲಯಾಳಂ ಲೇಖಕ ಬೆನ್ಯಾಮಿನ್ ಅವರ ಆಡುಜೀವಿತಂ (2008) ಕಾದಂಬರಿಯು ಸೌದಿ ಮರುಭೂಮಿಯಲ್ಲಿ ಆಡು ಕಾಯುವ ಕೆಲಸಕ್ಕೆ ಸಿಲುಕಿದ ಕೇರಳದ ಕಾರ್ಮಿಕನ ಕಥೆ. ಇದನ್ನು ಆಧರಿಸಿ ಬ್ಲೆಸ್ಸಿ ನಿರ್ದೇಶಿಸಿದ ಚಲನಚಿತ್ರ 2024ರಲ್ಲಿ ತೆರೆಕಂಡಿತು. ಲೆಬನಾನ್‌ನ ನದೀನ್ ಲಬಾಕಿ ನಿರ್ದೇಶನದ ಕೆಪರ್ನಮ್ (2018) ಚಿತ್ರದಲ್ಲಿ ದಾಖಲೆಗಳಿಲ್ಲದ ಇಥಿಯೋಪಿಯಾದ ಕೆಲಸಗಾರ್ತಿಯೊಬ್ಬಳ ಪಾತ್ರ ಬರುತ್ತದೆ.

ಮೌಲ್ಯಮಾಪನ

ಕಫಾಲಾವನ್ನು ಸಮರ್ಥಿಸುವವರು, ಪ್ರಜೆಗಳಿಗಿಂತ ವಿದೇಶಿಯರೇ ಹೆಚ್ಚಿರುವ ದೇಶಗಳಿಗೆ ನಿಯಂತ್ರಣ ಅನಿವಾರ್ಯವೆಂದೂ, ನೇಮಕಾತಿಗೆ ಹಣ ತೊಡಗಿಸಿದ ಉದ್ಯೋಗದಾತನಿಗೆ ಭದ್ರತೆ ಬೇಕೆಂದೂ ವಾದಿಸುತ್ತಾರೆ. ಮಾನವ ಹಕ್ಕು ಸಂಘಟನೆಗಳು ಇದನ್ನು ಬಲವಂತದ ದುಡಿಮೆಗೆ ದಾರಿ ಮಾಡುವ ವ್ಯವಸ್ಥೆಯೆಂದು ಟೀಕಿಸಿವೆ. ನಿರ್ಗಮನ ಪರವಾನಗಿ ಮತ್ತು ನಿರಾಕ್ಷೇಪಣಾ ಪತ್ರಗಳು ರದ್ದಾದ ದೇಶಗಳಲ್ಲಿಯೂ ವೀಸಾವನ್ನು ಮಾಡಿಸುವ, ನವೀಕರಿಸುವ ಮತ್ತು ರದ್ದುಪಡಿಸುವ ಅಧಿಕಾರ ಬಹುಮಟ್ಟಿಗೆ ಉದ್ಯೋಗದಾತನಲ್ಲೇ ಇದೆ. ಆದ್ದರಿಂದ ಸಂಬಳಕ್ಕಾಗಿ ದೂರು ಕೊಡುವ ಕಾರ್ಮಿಕನು ಆ ದೂರಿನ ವಿಚಾರಣೆ ಮುಗಿಯುವವರೆಗೆ ಅದೇ ದೇಶದಲ್ಲಿ ಕಾನೂನುಬದ್ಧವಾಗಿ ಉಳಿದು, ಬೇರೆಡೆ ದುಡಿದು ಜೀವಿಸಬಲ್ಲನೇ ಎಂಬುದು ಯಾವುದೇ ಸುಧಾರಣೆಯ ಯಶಸ್ಸನ್ನು ಅಳೆಯುವ ಮುಖ್ಯ ಪ್ರಶ್ನೆಯಾಗಿದೆ.