ನೆಮ್ಮದಿ ಅಳೆಯಹೊರಟ ಪ್ರಶ್ನೆಗಳು

ಅಮೆರಿಕದ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವದ ಅಳತೆಪಟ್ಟಿಯಲ್ಲಿ ಹತ್ತು ಹೇಳಿಕೆಗಳಿವೆ. ಎಂಟನೆಯದು, ತನ್ನ ಬಗ್ಗೆ ತನಗೆ ಇನ್ನಷ್ಟು ಗೌರವ ಇರಬೇಕಿತ್ತು ಎಂಬ ಅರ್ಥದ್ದು. ಅದನ್ನು ಒಪ್ಪಿದವರಿಗೆ ಆತ್ಮಗೌರವ ಕಡಿಮೆ ಎಂದು ಲೆಕ್ಕ. ಈ ಪಟ್ಟಿ ಚೀನೀ ಭಾಷೆಗೆ ಹೋದಾಗ ಲೆಕ್ಕ ತಪ್ಪಿತು. ತನ್ನನ್ನು ತಾನು ಇನ್ನೂ ಗೌರವಿಸಿಕೊಳ್ಳುವಂತಾಗಲಿ ಎಂದು ಬಯಸುವುದು ಅಲ್ಲಿನ ಮಕ್ಕಳಿಗೆ ಕೊರತೆಯಾಗಿ ಕಾಣಲಿಲ್ಲ, ಒಳ್ಳೆಯ ಹಂಬಲವಾಗಿ ಕಂಡಿತು. ಹೀಗಾಗಿ ಚೀನಾದ ಅನೇಕ ಸಂಶೋಧಕರು ಆ ಒಂದು ಹೇಳಿಕೆಯನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಅದರ ಅಂಕವನ್ನು ತಿರುವಿ ಹಾಕುತ್ತಾರೆ. ಚೀನಾದ ಹದಿಹರೆಯದವರ ಮನಸ್ಸನ್ನು ಅಳೆಯುವ ಪ್ರಯತ್ನದ ಕಥೆಗೆ ನನ್ನ ಮಟ್ಟಿಗೆ ಇದೇ ಬಾಗಿಲು.

ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಅಂದರೆ 1966ರಿಂದ 1976ರವರೆಗೆ, ಚೀನಾದಲ್ಲಿ ಮನಃಶಾಸ್ತ್ರವನ್ನು ಹುಸಿವಿಜ್ಞಾನವೆಂದು ಮೂಲೆಗೆ ತಳ್ಳಲಾಗಿತ್ತು. ಎಪ್ಪತ್ತರ ದಶಕದ ಕೊನೆಗೆ ಅದು ಮತ್ತೆ ಉಸಿರಾಡತೊಡಗಿದಾಗ ಸ್ವಂತ ಸಲಕರಣೆ ಕಡಿಮೆ, ಕೆಲಸ ಬೆಟ್ಟದಷ್ಟು. ಎರವಲು ತಂದದ್ದು ಸಹಜ. ಶಾಂಘೈನಲ್ಲಿ ಝೌ ಬುಚೆಂಗ್ ಮತ್ತು ಸಂಗಡಿಗರು 1991ರಲ್ಲಿ ಜಪಾನಿನ ಆತಂಕ ಪರೀಕ್ಷೆಯೊಂದನ್ನು ಒಗ್ಗಿಸಿ ನೂರು ಪ್ರಶ್ನೆಗಳ ಪರೀಕ್ಷೆ ರೂಪಿಸಿದರು. ಓದಿನ ಆತಂಕ, ಒಂಟಿತನ, ತನ್ನನ್ನೇ ದೂರಿಕೊಳ್ಳುವುದು, ಅಕಾರಣ ಭಯ ಅದರ ವಿಭಾಗಗಳಲ್ಲಿ ಕೆಲವು. 1997ರಲ್ಲಿ ವಾಂಗ್ ಜಿಶೆಂಗ್ ಅವರ ಅರವತ್ತು ಪ್ರಶ್ನೆಗಳ ಪಟ್ಟಿ ಬಂತು. ಅದರಲ್ಲಿ ಖಿನ್ನತೆ, ಹಗೆತನಗಳ ಸಾಲಿನಲ್ಲಿ ಓದಿನ ಒತ್ತಡಕ್ಕೂ ಸಮನಾದ ಜಾಗವಿದೆ. ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ನೆರಳಲ್ಲಿ ಬೆಳೆಯುವ ಮಕ್ಕಳನ್ನು ಬಲ್ಲವರು ಮಾತ್ರ ಹಾಗೆ ಯೋಚಿಸಬಲ್ಲರು. ಆದರೂ ಇವೆಲ್ಲ ಹುಡುಕಿದ್ದು ಕಾಯಿಲೆಯನ್ನು. ಜ್ವರವಿಲ್ಲ ಎಂದಾಕ್ಷಣ ಮಗು ಗೆಲುವಾಗಿದೆ ಎನ್ನಲಾಗದು.

ಗೆಲುವನ್ನೇ ಅಳೆಯುವ ಮಾತು ಅಷ್ಟರಲ್ಲಿ ಅಮೆರಿಕದಲ್ಲಿ ಶುರುವಾಗಿತ್ತು. ಎಡ್ ಡೀನರ್ 1984ರಲ್ಲಿ ಬದುಕಿನ ತೃಪ್ತಿಯನ್ನೂ ಭಾವನೆಗಳನ್ನೂ ಅಧ್ಯಯನದ ನಡುಮನೆಗೆ ತಂದರು. ಕ್ಯಾರಲ್ ರಿಫ್ 1989ರಲ್ಲಿ ಸ್ವಾಸ್ಥ್ಯಕ್ಕೆ ಆರು ಮುಖಗಳನ್ನು ಹೇಳಿದರು, ಸ್ವಾಯತ್ತತೆ ಅವುಗಳಲ್ಲೊಂದು. ಅಪ್ಪ ಅಮ್ಮನನ್ನು ಕೇಳಿ ನಿರ್ಧರಿಸುವುದೇ ಸರಿ ಎಂದು ನಂಬಿ ನೆಮ್ಮದಿಯಾಗಿರುವ ಹುಡುಗಿಗೆ ಅಲ್ಲಿ ಅಂಕ ಕಡಿಮೆ ಬೀಳಬಹುದು. ಈ ತೊಡಕಿಗೆ ಗಟ್ಟಿ ಪುರಾವೆ ಒದಗಿದ್ದು 1997ರಲ್ಲಿ. ಹಾಂಗ್‌ಕಾಂಗ್ ಮತ್ತು ಅಮೆರಿಕದ ವಿದ್ಯಾರ್ಥಿಗಳನ್ನು ಹೋಲಿಸಿದ ಕ್ವಾನ್, ಬಾಂಡ್, ಸಿಂಗೆಲಿಸ್ ಅವರು ಬದುಕಿನ ತೃಪ್ತಿಗೆ ಆತ್ಮಗೌರವದ ಜೊತೆಗೆ ಸಂಬಂಧಗಳ ಸಾಮರಸ್ಯವೂ ಕಾರಣವೆಂದು ತೋರಿಸಿದರು. ಎರಡರಲ್ಲಿ ಆತ್ಮಗೌರವದ ತೂಕ ಅಮೆರಿಕದಲ್ಲಿ ಹೆಚ್ಚಾಗಿತ್ತು.

ಚೀನೀ ಭಾಷೆಯಲ್ಲಿ ಸಂತೋಷಕ್ಕೆ ಎರಡು ಪದಗಳು ಹೆಚ್ಚು ಬಳಕೆಯಲ್ಲಿವೆ. ‘ಕ್ವಾಯ್‌ಲೆ’ ಆ ಗಳಿಗೆಯ ಖುಷಿ. ‘ಶಿಂಗ್‌ಫು’ ಮನೆಮಂದಿ, ಬದುಕು ಎಲ್ಲ ನೆಟ್ಟಗಿರುವಾಗಿನ ತುಂಬಿದ ಭಾವ. ನಮ್ಮ ಖುಷಿ ಮತ್ತು ನೆಮ್ಮದಿಯ ನಡುವಿನ ಅಂತರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಶ್ನೆಯಲ್ಲಿ ಯಾವ ಪದ ಬಳಸುತ್ತೀರಿ ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

ಹೊಸ ಶತಮಾನದಲ್ಲಿ ಅಲ್ಲಿಯೇ ಹುಟ್ಟಿದ ಅಳತೆಗಳು ಬಂದವು. 2004ರಲ್ಲಿ ಝಾಂಗ್ ಶಿಂಗ್‌ಗುಯಿ ಮತ್ತಿತರರು ರೂಪಿಸಿದ ಪಟ್ಟಿ ಗೆಳೆತನ, ಮನೆ, ಶಾಲೆ, ಪರಿಸರದ ಜೊತೆ ಓದು ಮತ್ತು ಸ್ವಾತಂತ್ರ್ಯದ ತೃಪ್ತಿಯನ್ನೂ ಬೇರೆಬೇರೆಯಾಗಿ ಕೇಳಿತು. ಎಂಬತ್ತರ ದಶಕದಿಂದಲೇ ಪಾಶ್ಚಾತ್ಯ ಪಟ್ಟಿಗಳನ್ನು ಚೀನೀ ಭಾಷೆಯಲ್ಲಿ ಒರೆಗೆ ಹಚ್ಚುತ್ತಿದ್ದ ಹಾಂಗ್‌ಕಾಂಗಿನ ಡ್ಯಾನಿಯಲ್ ಶೆಕ್ ಅವರ ತಂಡ 2007ರಲ್ಲಿ ಮಕ್ಕಳ ಹದಿನೈದು ಸಾಮರ್ಥ್ಯಗಳನ್ನು ಅಳೆಯುವ ಮಾಪನ ತಂದಿತು. ಗುವಾಂಗ್‌ಝೌನ ತಿಯಾನ್ ಲಿಲಿ ಮತ್ತು ಸಂಗಡಿಗರದು ಎಂಟೇ ಪ್ರಶ್ನೆಗಳ ಪಟ್ಟಿ, ಅದೂ ಶಾಲೆಯೊಳಗಿನ ಸಂತೋಷದ ಬಗ್ಗೆ ಮಾತ್ರ.

ಈಗ ಅಂಕಿಗಳು ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿವೆ, ನನ್ನ ಕಳವಳವೂ ಅಲ್ಲಿಯೇ. ಚೀನೀ ವಿಜ್ಞಾನ ಅಕಾಡೆಮಿಯ ಮನಃಶಾಸ್ತ್ರ ಸಂಸ್ಥೆಯ ವರದಿಯ ಪ್ರಕಾರ 2020ರಲ್ಲಿ ಶೇ. 24.6ರಷ್ಟು ಹದಿಹರೆಯದವರಲ್ಲಿ ಖಿನ್ನತೆಯ ಸೂಚನೆ ಕಂಡಿತು. 2021ರಲ್ಲಿ ಪ್ರಕಟವಾದ, ಐದು ಪ್ರಾಂತ್ಯಗಳ 6ರಿಂದ 16 ವರ್ಷದ ಸುಮಾರು 74,000 ಮಕ್ಕಳ ಸಮೀಕ್ಷೆಯಲ್ಲಿ ಖಿನ್ನತೆಯ ಕಾಯಿಲೆ ಇದ್ದವರು ಶೇ. 3ರಷ್ಟು ಮಾತ್ರ. ಎರಡೂ ಸುಳ್ಳಲ್ಲ. ಮಕ್ಕಳ ವಯಸ್ಸು ಬೇರೆ. ಮೊದಲನೆಯದು ಪ್ರಶ್ನೆಪಟ್ಟಿಯ ಜರಡಿ, ಎರಡನೆಯದು ಮನೋವೈದ್ಯರ ಪರಿಶೀಲನೆಯವರೆಗೆ ಹೋದ ರೋಗನಿರ್ಣಯ. ಜರಡಿಯಲ್ಲಿ ಉಳಿದ ಮಗುವನ್ನೆಲ್ಲ ರೋಗಿ ಎಂದು ಬರೆದವರು ಆ ಮಗುವಿಗೆ ಅನ್ಯಾಯ ಮಾಡುತ್ತಾರೆ, ಶೇ. 3 ತಾನೇ ಎಂದು ಉಳಿದವರ ಸಂಕಟವನ್ನು ತಳ್ಳಿಹಾಕುವವರೂ ಅಷ್ಟೇ.

2020ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ ಪ್ರೌಢಶಾಲೆ, ಕಾಲೇಜುಗಳ ಆರೋಗ್ಯ ತಪಾಸಣೆಯಲ್ಲಿ ಖಿನ್ನತೆಯ ತಪಾಸಣೆಯನ್ನೂ ಸೇರಿಸಲು ಹೇಳಿತು. ಆಗಿನಿಂದ ಪ್ರಶ್ನೆಪಟ್ಟಿ ಸಂಶೋಧಕರ ಕೈಯಿಂದ ಶಾಲೆಯ ಕೈಗೂ ಬಂದಿದೆ. ಹೆಸರು ಬರೆದು ಕೊಡುವ ಹಾಳೆಯಲ್ಲಿ ಮಗು ಮನಸ್ಸು ಬಿಚ್ಚುತ್ತದೆಯೇ? ಈ ಅನುಮಾನ ಹಳೆಯದು. ಝೌ ಬುಚೆಂಗ್ ಅವರ ನೂರು ಪ್ರಶ್ನೆಗಳಲ್ಲಿ ಹತ್ತು ಇದ್ದದ್ದು ಮಗು ನಿಜ ಹೇಳುತ್ತಿದೆಯೇ ಎಂದು ತಿಳಿಯಲು. ಆ ಹತ್ತರಲ್ಲಿ ಅಂಕ ಮಿತಿ ಮೀರಿದರೆ ಆ ಫಲಿತಾಂಶವನ್ನು ನಂಬುವಂತಿಲ್ಲ. ಮಗುವನ್ನು ಇನ್ನೊಮ್ಮೆ ಕೂರಿಸಿ ಕೇಳಬೇಕು.